ನೋಡುವವರ ಆಟ

ಗೆದ್ದರಷ್ಟೇ ಖುಷಿ ಎಂದಾದರೆ ಆಟ ನೋಡುವವರ ಪಾಲಿಗೆ ಉಳಿಯುವುದು ಹೆಚ್ಚಾಗಿ ನಷ್ಟವೇ. ಆದರೂ ಕಾರ ಹುಣ್ಣಿಮೆಯ ಕರಿಯಿಂದ ಹಿಡಿದು ಐಪಿಎಲ್ ಫೈನಲ್‌ವರೆಗೆ ಜನ ಸೇರುತ್ತಲೇ ಇದ್ದಾರೆ. ಅವರು ನೋಡುವುದು ಏನನ್ನು?

ಕಾರ ಹುಣ್ಣಿಮೆಯ ಹೊತ್ತು ಇಳಿಯುತ್ತಿದ್ದಂತೆ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳ ಅಗಸಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ. ಅದೇ ಕರಿ. ಮುಂಜಾನೆಯೇ ಮೈ ತೊಳೆಸಿಕೊಂಡು, ಕೋಡಿಗೆ ಬಣ್ಣ ಹಚ್ಚಿಸಿಕೊಂಡು, ಕೊರಳಿಗೆ ಗೆಜ್ಜೆಸರ ಕಟ್ಟಿಸಿಕೊಂಡ ಎತ್ತುಗಳು ಊರ ಹೊರಗೆ ಕಾದಿರುತ್ತವೆ. ಹಲಗೆಯ ಬಡಿತ ಜೋರಾಗುತ್ತದೆ. ಮಾಳಿಗೆ ಏರಿದ ಹೆಣ್ಣುಮಕ್ಕಳು ಕುಂಬಿ ಹಿಡಿದು ಬಗ್ಗುತ್ತಾರೆ. ಹಗ್ಗ ಹಿಡಿದವರು ಬಿಟ್ಟರೋ ಬಿಟ್ಟರು! ಧೂಳೆದ್ದು, ಸಿಳ್ಳೆ ಕೇಕೆ ಎದ್ದು, ಎತ್ತುಗಳು ನುಗ್ಗಿ ಬರುತ್ತವೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರಿ ಹರಿದಿರುತ್ತದೆ.

ಯಾರ ಎತ್ತು ಎಂಬ ಪ್ರಶ್ನೆ ಆಮೇಲಿನದು. ಮೊದಲು ಕೇಳುವುದು ‘ಬಿಳೇದೋ, ಕೆಂದೋ?’ ಎಂದು. ಬಿಳಿ ಎತ್ತು ಕರಿ ಹರಿದರೆ ಬಿಳಿಜೋಳದಂಥ ಹಿಂಗಾರಿ ಬೆಳೆ ಕೈ ಹಿಡಿಯುತ್ತದೆ, ಕೆಂದ ಎತ್ತು ಹರಿದರೆ ಮುಂಗಾರಿ ಚಲೋ ಆಗುತ್ತದೆ ಎಂಬುದು ನಂಬಿಕೆ. ಊರಿಂದ ಊರಿಗೆ ಲೆಕ್ಕ ಕೊಂಚ ಬದಲಾಗಬಹುದು. ಆದರೆ ಓಟದ ಫಲ ಇಡೀ ಊರಿನ ಹೊಲಗಳ ಮೇಲೆ ಹಂಚಿಹೋಗುತ್ತದೆ ಎಂಬುದು ಎಲ್ಲ ಕಡೆಯೂ ಒಂದೇ.

ಈ ಏರ್ಪಾಟಿನ ಚಂದ ನೋಡಿ. ಯಾರದೋ ಕೆಂದ ಎತ್ತು ಕೊನೆಗೆ ಬಂತು ಎನ್ನೋಣ. ಅವರ ಹೊಲವೆಲ್ಲ ಎರೆಭೂಮಿಯಾಗಿದ್ದು ಹಿಂಗಾರಿ ಜೋಳವನ್ನೇ ನೆಚ್ಚಿಕೊಂಡಿದ್ದರೆ, ಬಿಳಿ ಎತ್ತು ಗೆದ್ದದ್ದು ಅವರಿಗೂ ಶುಭವೇ! ಸೋತ ಎತ್ತಿನ ಮನೆಯವರೂ ಏನೋ ಒಂದನ್ನು ಗಳಿಸಿಕೊಂಡೇ ಹೋಳಿಗೆ ಊಟಕ್ಕೆ ಕೂರುತ್ತಾರೆ. ಓಟ ನಡೆಯುವುದು ಅರೆಗಳಿಗೆ. ಅದರ ಮಾತು ನಡೆಯುವುದು ಸುಗ್ಗಿಯವರೆಗೆ.

ಇಂದಿನ ದೊಡ್ಡ ಕ್ರೀಡಾಕೂಟಗಳಲ್ಲಿ ನೋಡುಗರಿಗೆ ಇಂಥ ಅನುಕೂಲವಿಲ್ಲ. ಅಲ್ಲಿ ಒಂದು ತಂಡಕ್ಕೆ ಕಪ್, ಉಳಿದವರಿಗೆಲ್ಲ ಸೋಲು.

ಸೋಲಿನ ಲೆಕ್ಕ ದುಬಾರಿ

ಐಪಿಎಲ್‌ನಲ್ಲಿ 2022ರಿಂದ ಹತ್ತು ತಂಡಗಳಿವೆ. ಪ್ರತಿ ಬೇಸಿಗೆಯೂ ಒಂಬತ್ತು ತಂಡಗಳ ಅಭಿಮಾನಿಗಳು ಬರಿಗೈಯಲ್ಲಿ ಉಳಿಯುತ್ತಾರೆ. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ನಿಗದಿಯಾದ ತಂಡಗಳು 48, ಪಂದ್ಯಗಳು 104. ಅಲ್ಲಿ 47 ದೇಶಗಳು ಸೋಲಲೇಬೇಕು. ಕಪ್ಪೊಂದೇ ಖುಷಿಯ ಮೂಲವಾಗಿದ್ದರೆ ಇಂಥ ಕೂಟಗಳನ್ನು ನೋಡುವವರೇ ಇರುತ್ತಿರಲಿಲ್ಲ.

ಲೆಕ್ಕ ಇನ್ನೂ ಬಿಗಿಯಾಗಿದೆ. ಬ್ರಿಟನ್‌ನ ಸಸೆಕ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಪೀಟರ್ ಡಾಲ್ಟನ್ ಮತ್ತು ಜಾರ್ಜ್ ಮೆಕೆರನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊಬೈಲ್ ಆ್ಯಪ್ ಮೂಲಕ ಸಾವಿರಾರು ಜನರನ್ನು ಹೊತ್ತುಹೊತ್ತಿಗೆ ‘ಈಗ ಎಷ್ಟು ಖುಷಿಯಾಗಿದ್ದೀರಿ?’ ಎಂದು ಕೇಳಿ ಕಲೆಹಾಕಿದ ಉತ್ತರಗಳನ್ನು ಫುಟ್‌ಬಾಲ್ ಪಂದ್ಯಗಳ ಫಲಿತಾಂಶದ ಜೊತೆಗಿಟ್ಟು ನೋಡಿದರು. ತಮ್ಮ ತಂಡ ಗೆದ್ದಾಗ ಆದ ಸಂತೋಷಕ್ಕಿಂತ ಸೋತಾಗ ಆದ ಸಂಕಟ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಅಂದರೆ ಹತ್ತರಲ್ಲಿ ಐದು ಗೆದ್ದು ಐದು ಸೋಲುವ ತಂಡದ ಅಭಿಮಾನಿಗೆ ವರ್ಷದ ಕೊನೆಗೆ ಸಿಗುವುದು ಸಂಕಟವೇ.

ಈ ಸಂಕಟ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ, ಮೈಗೂ ಇಳಿಯುತ್ತದೆ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ತಂಡ ಇಟಲಿಯನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು. ಟಿ.ವಿ.ಯಲ್ಲಿ ಆ ಪಂದ್ಯ ನೋಡುತ್ತಿದ್ದ ಎರಡೂ ಕಡೆಯ ಅಭಿಮಾನಿಗಳ ಜೊಲ್ಲಿನ ಮಾದರಿಯನ್ನು ಸಂಶೋಧಕರು ಪಂದ್ಯಕ್ಕೆ ಮೊದಲು ಮತ್ತು ಆಮೇಲೆ ತೆಗೆದುಕೊಂಡಿದ್ದರು. ಬ್ರೆಜಿಲ್ ಪರ ಇದ್ದವರಲ್ಲಿ ಟೆಸ್ಟೊಸ್ಟೆರೋನ್ ಹಾರ್ಮೋನು ಏರಿತ್ತು, ಇಟಲಿ ಪರ ಇದ್ದವರಲ್ಲಿ ಇಳಿದಿತ್ತು. ಕುರ್ಚಿಯಲ್ಲಿ ಕುಳಿತು ನೋಡಿದವರೂ ಮೈಯಲ್ಲಿ ಸೋತಿದ್ದರು.

ಡಾಲ್ಟನ್, ಮೆಕೆರನ್ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಪಂದ್ಯ ಶುರುವಾಗುವ ಮುಂಚಿನ ಹೊತ್ತಿನಲ್ಲಿ ಅಭಿಮಾನಿಗಳು ಎಂದಿಗಿಂತ ಹೆಚ್ಚು ಖುಷಿಯಾಗಿದ್ದರು. ಫಲಿತಾಂಶ ಇನ್ನೂ ಹುಟ್ಟಿರದ ಆ ಹೊತ್ತಿನ ಗಳಿಕೆ ಯಾರ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಗಂಗಾವತಿಯಲ್ಲಿ ಸಂಜೆ ಪಂದ್ಯವಿದೆ ಎಂದರೆ ಮಧ್ಯಾಹ್ನದಿಂದಲೇ ‘ಟಾಸ್ ಗೆದ್ರ ಬೌಲಿಂಗ್ ತಗೋಬೇಕು’ ಎಂದು ಚಹಾದಂಗಡಿಯಲ್ಲಿ ತೀರ್ಪು ಕೊಡುವವರು, ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಓಡುವವರು ಗಳಿಸುತ್ತಿರುವುದು ಅದನ್ನೇ.

ಮುಂದೇನು ಎಂಬ ಕಾತರ

ಆಟ ಯಾಕೆ ಹಿಡಿದು ಕೂರಿಸುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಹಳೆಯ ಉತ್ತರವೊಂದಿದೆ. ಅಮೆರಿಕದ ಸೈಮನ್ ರಾಟನ್‌ಬರ್ಗ್ 1956ರಲ್ಲೇ ಬೇಸ್‌ಬಾಲ್ ಕುರಿತು ಬರೆಯುತ್ತ, ಫಲಿತಾಂಶ ಅನಿಶ್ಚಿತವಾಗಿದ್ದರಷ್ಟೇ ಜನ ಟಿಕೆಟ್ ಕೊಂಡು ಬರುತ್ತಾರೆ ಎಂದು ವಾದಿಸಿದ್ದರು. ಒಂದೇ ತಂಡ ಸದಾ ಗೆಲ್ಲುತ್ತಿದ್ದರೆ ಗೆಲ್ಲುವವರ ಗಲ್ಲಾಪೆಟ್ಟಿಗೆಯೂ ಖಾಲಿಯಾಗುತ್ತದೆ. ಐಪಿಎಲ್‌ನಲ್ಲಿ ಪ್ರತಿ ತಂಡದ ಖರ್ಚಿಗೆ ಮಿತಿ ಹಾಕಿ ಹರಾಜು ನಡೆಸುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ.

2015ರಲ್ಲಿ ಜೆಫ್ರಿ ಈಲಿ, ಅಲೆಕ್ಸಾಂಡರ್ ಫ್ರಾಂಕೆಲ್, ಎಮಿರ್ ಕಮೆನಿಕಾ ಎಂಬ ಮೂವರು ಇದನ್ನು ಇನ್ನಷ್ಟು ಬಿಡಿಸಿದರು. ಅವರ ಪ್ರಕಾರ ನೋಡುಗರ ಖುಷಿಗೆ ಎರಡು ಮುಖ. ಮುಂದಿನ ಗಳಿಗೆಯಲ್ಲಿ ನಮ್ಮ ಅಂದಾಜು ಎಷ್ಟು ಬದಲಾಗಬಹುದು ಎಂಬ ಕಾತರ ಒಂದು. ಈಗಷ್ಟೇ ನಡೆದದ್ದು ನಮ್ಮ ಅಂದಾಜನ್ನು ಎಷ್ಟು ಬದಲಿಸಿತು ಎಂಬ ಅಚ್ಚರಿ ಇನ್ನೊಂದು. ಕೊನೆಯ ಓವರಿನಲ್ಲಿ ಹತ್ತು ರನ್ ಬೇಕಿರುವಾಗ ಬೌಲರ್ ಓಡಿ ಬರುವುದು ಕಾತರ. ಗೆದ್ದೇ ಬಿಟ್ಟೆವು ಎಂದುಕೊಂಡಾಗ ಸ್ಟಂಪ್ ಹಾರುವುದು ಅಚ್ಚರಿ. ಎರಡೂ ಸೋಲುವವರಿಗೂ ಗೆಲ್ಲುವವರಿಗೂ ಸಮಪಾಲಿನಲ್ಲಿ ದಕ್ಕುತ್ತವೆ.

ಈ ಸಿದ್ಧಾಂತವನ್ನು ಕರ್ನಾಟಕದ ಅರ್ಧ ಮನೆಗಳು ನೋಡಿದ ಒಂದು ಓವರಿಗೆ ಹಚ್ಚಿ ನೋಡಬಹುದು. 2025ರ ಜೂನ್ 3, ಅಹಮದಾಬಾದ್. ರಾಯಲ್ ಚಾಲೆಂಜರ್ಸ್ ಬೆಂಗಳೂರು 9 ವಿಕೆಟ್‌ಗೆ 190 ಗಳಿಸಿತ್ತು. ಪಂಜಾಬ್ ಕಿಂಗ್ಸ್‌ಗೆ ಕೊನೆಯ ಓವರಿನಲ್ಲಿ 29 ರನ್ ಬೇಕು. ಚೆಂಡು ಜಾಶ್ ಹೇಜಲ್‌ವುಡ್ ಕೈಯಲ್ಲಿ, ಎದುರಿಗೆ ಶಶಾಂಕ್ ಸಿಂಗ್. ಮೊದಲ ಎರಡು ಎಸೆತಗಳಲ್ಲಿ ರನ್ ಬರಲಿಲ್ಲ.

ಅಲ್ಲಿಗೆ ಲೆಕ್ಕ ಮುಗಿಯಿತು. ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಆದರೂ 24. ನೋ ಬಾಲ್, ವೈಡ್‌ಗಳ ಪವಾಡ ಬಿಟ್ಟರೆ ಪಂದ್ಯ ಬೆಂಗಳೂರಿನದು. ಶಶಾಂಕ್ 6, 4, 6, 6 ಬಾರಿಸಿದರು. ಪಂಜಾಬ್ 184ಕ್ಕೆ ನಿಂತು, ಆರ್‌ಸಿಬಿ 6 ರನ್‌ಗಳಿಂದ ಗೆದ್ದಿತು. ಕಾತರವೆಂಬುದೇ ಇಲ್ಲದ ಆ ನಾಲ್ಕು ಎಸೆತಗಳ ಹೊತ್ತಿಗೆ ಟಿ.ವಿ. ಬಂದ್ ಮಾಡಿ ಮಲಗಿದವರು ಯಾರಾದರೂ ಇದ್ದರೇ? ಎಲ್ಲರ ಕಣ್ಣು ಬೌಂಡರಿ ಗೆರೆಯ ಬಳಿ ಮುಖ ಮುಚ್ಚಿಕೊಂಡು ಅಳುತ್ತಿದ್ದ ವಿರಾಟ್ ಕೊಹ್ಲಿ ಮೇಲಿತ್ತು. ಚೆಂಡು ಎಲ್ಲಿ ಬಿತ್ತು ಎಂದು ಬಹಳ ಜನ ನೋಡಿಯೇ ಇಲ್ಲ.

ಅರ್ಥಶಾಸ್ತ್ರದ ಸೂತ್ರ ಇಲ್ಲಿ ಸಾಲುವುದಿಲ್ಲ. ಅನಿಶ್ಚಿತತೆ ಮುಗಿದ ಮೇಲೂ ನೋಡಲು ಏನೋ ಉಳಿದಿತ್ತು, ಮತ್ತು ಅದು ಹದಿನೆಂಟು ವರ್ಷ ಹಳೆಯದು.

ಸೋತ ವರ್ಷಗಳ ಕೆಂಪಂಗಿ

2008ರಲ್ಲಿ ಶುರುವಾದ ಐಪಿಎಲ್‌ನಲ್ಲಿ ಆರ್‌ಸಿಬಿ ಮೂರು ಫೈನಲ್ ಸೋತಿತ್ತು. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ 6 ರನ್, 2011ರಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ವಿರುದ್ಧ 58 ರನ್, 2016ರಲ್ಲಿ ಬೆಂಗಳೂರಿನ ಸ್ವಂತ ಅಂಗಳದಲ್ಲೇ ಸನ್‌ರೈಸರ್ಸ್ ಹೈದರಾಬಾದ್ ವಿರುದ್ಧ 8 ರನ್. 2017ರ ಏಪ್ರಿಲ್ 23ರಂದು ಕೋಲ್ಕತ್ತ ವಿರುದ್ಧ ಕೇವಲ 49 ರನ್‌ಗಳಿಗೆ ಇಡೀ ತಂಡ ಉರುಳಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1976ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಏಳು ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೋಮವಾರ ಎಷ್ಟು ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಹೆಸರು, ಲಾಂಛನವಿರುವ ಬಟ್ಟೆ ತೊಟ್ಟು ಬರುತ್ತಾರೆ ಎಂದು ಅವರ ತಂಡ ಎಣಿಸಿತು. ವಾರಾಂತ್ಯದಲ್ಲಿ ಕಾಲೇಜು ತಂಡ ಗೆದ್ದಿದ್ದರೆ ಅಂಥ ಬಟ್ಟೆಗಳು ಹೆಚ್ಚು, ಸೋತಿದ್ದರೆ ಕಡಿಮೆ. ಗೆದ್ದವರ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು ಮನುಷ್ಯ ಸ್ವಭಾವ ಎಂಬುದು ತೀರ್ಮಾನ.

ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಗಳು ಈ ತೀರ್ಮಾನಕ್ಕೆ ವರ್ಷಗಟ್ಟಲೆ ಕ್ಯಾರೇ ಎನ್ನಲಿಲ್ಲ. ಸೋತ ವರ್ಷಗಳಲ್ಲೂ ಅಲ್ಲಿ ಕೆಂಪಂಗಿಗೆ ಬರವಿರಲಿಲ್ಲ. ಕೊಪ್ಪಳದ ಸಂತೆಯಲ್ಲೂ ಬೆನ್ನ ಮೇಲೆ ಕೊಹ್ಲಿಯ ‘18’ ಬರೆದ ಅಂಗಿಗಳು ಕಂಡವು. ‘ಈ ಸಲ ಕಪ್ ನಮ್ದೆ’ ಎಂಬ ಘೋಷಣೆ ಮೊದಲು ಹಾರೈಕೆ. ವರ್ಷ ಕಳೆದಂತೆ ಬೇರೆ ತಂಡದವರು ಚುಚ್ಚುವ ಮಾತು. ಕೊನೆಗೆ ಅಭಿಮಾನಿಗಳೇ ತಮ್ಮನ್ನು ತಾವು ಕಿಚಾಯಿಸಿಕೊಳ್ಳುವ ನಗೆಚಾಟಿಕೆ. ಸೋಲನ್ನು ನಗೆಯಾಗಿ ಮಾಡಿಕೊಂಡವರಿಗೆ ಸೋಲು ಅಷ್ಟಾಗಿ ಕಚ್ಚುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಆರ್‌ಸಿಬಿ ಅಂಗಿಯ ಹುಡುಗ ಕುಳಿತನೆಂದರೆ ಬಡಿಸುವವರಿಗೂ ಒಂದು ಮಾತು ಸಿಗುತ್ತಿತ್ತು: ‘ಏನಪಾ, ಮುಂದಿನ ಸಲ ಹೌದಲ್ಲೋ?’

2024ರ ಋತು ಇದಕ್ಕೆ ಒಳ್ಳೆಯ ಸಾಕ್ಷಿ. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು ತಳ ಕಂಡಿದ್ದ ತಂಡ ಆಮೇಲೆ ಸತತ ಆರು ಗೆದ್ದಿತು. ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ಪ್ಲೇ ಆಫ್‌ಗೆ ನುಗ್ಗಿದಾಗ ಬೀದಿಗಿಳಿದ ಜನ ಕಪ್ಪೇ ಬಂದಂತೆ ಕುಣಿದರು. ನಾಲ್ಕು ದಿನಗಳ ಬಳಿಕ ರಾಜಸ್ಥಾನ ರಾಯಲ್ಸ್ ವಿರುದ್ಧ ಸೋತು ತಂಡ ಹೊರಬಿತ್ತು. ಅಂಕಪಟ್ಟಿ ನೋಡಿದರೆ ಅದು ಇನ್ನೊಂದು ವಿಫಲ ವರ್ಷ. ನೋಡಿದವರನ್ನು ಕೇಳಿದರೆ ಆ ಮೇ ತಿಂಗಳು ಮರೆಯುವಂಥದ್ದಲ್ಲ.

ಅದೇ ವರ್ಷದ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕತ್ವದ ಆರ್‌ಸಿಬಿ ಮಹಿಳಾ ತಂಡ ದೆಹಲಿ ಕ್ಯಾಪಿಟಲ್ಸ್ ಮಣಿಸಿ ಡಬ್ಲ್ಯುಪಿಎಲ್ ಗೆದ್ದಿತ್ತು. ಬೆಂಗಳೂರಿನ ಹೆಸರಿನ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. ಅಡುಗೆ ಕೋಣೆಯಿಂದಲೇ ‘ಎಷ್ಟಾಗೇತಿ?’ ಎಂದು ಕೇಳುತ್ತಿದ್ದವರು ಟಿ.ವಿ. ಮುಂದೆಯೇ ಬಂದು ಕೂರಲು ಅದೂ ಒಂದು ನೆಪವಾಯಿತು.

ಪಂಚರು ಬಿಡಿಸಿದ ಕುಸ್ತಿ

ತುಂಗಭದ್ರೆಯ ಈ ದಂಡೆಯಲ್ಲಿ ಆನೆಗೊಂದಿ, ಆ ದಂಡೆಯಲ್ಲಿ ಹಂಪಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿ ಉತ್ಸವದ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವ, ಕಣ್ಣಿಗೆ ಕುತ್ತು ತರುವ ಹೊಡೆತಗಳ ವರ್ಣನೆ ಅಲ್ಲಿದೆ. ಜೊತೆಗೆ ಪೈಲ್ವಾನರನ್ನು ಸರಿಜೋಡಿಯಾಗಿ ಕಣಕ್ಕಿಳಿಸಿ ನ್ಯಾಯ ಹೇಳುವವರೂ ಇದ್ದರು ಎಂದು ಆತ ದಾಖಲಿಸಿದ್ದಾನೆ. ಅರಸನೇ ಕುಳಿತು ನೋಡುತ್ತಿದ್ದ ಕಣದಲ್ಲಿ ಜೋಡಿ ಸರಿಯಾಗಿರಬೇಕು ಎಂಬ ಕಾಳಜಿಗೆ ಅಷ್ಟು ಬೆಲೆಯಿತ್ತು.

ಉತ್ತರ ಕರ್ನಾಟಕದ ಜಾತ್ರೆಯ ಕುಸ್ತಿಯಲ್ಲಿ ಆ ಕಾಳಜಿ ಇಂದಿಗೂ ಜೀವಂತ. ಕೆಮ್ಮಣ್ಣಿನ ಕಣದ ಸುತ್ತ ಜನ ಮಂಡಿಯೂರಿ ಕೂರುತ್ತಾರೆ. ಮೊದಲು ಚಿಕ್ಕ ಹುಡುಗರ ಜೋಡಿಗಳು, ಹೊತ್ತೇರಿದಂತೆ ಹೆಸರಾಂತ ಪೈಲ್ವಾನರು. ಜೋಡಿ ಕಟ್ಟುವುದರಲ್ಲೇ ಹಿರಿಯರ ಜಾಣ್ಮೆ ಇದೆ. ತೂಕ, ವಯಸ್ಸು, ಯಾವ ವಸ್ತಾದರ ಕೈಯಲ್ಲಿ ತಯಾರಾದವನು, ಹಿಂದಿನ ಜಾತ್ರೆಯಲ್ಲಿ ಯಾರ ಜೊತೆ ಹಿಡಿದಿದ್ದ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಭುಜಕ್ಕೆ ಭುಜ ಹಚ್ಚಿ ನೋಡುವುದೂ ಉಂಟು. ಜೋಡಿ ತಪ್ಪಿದರೆ ಕಣದ ಸುತ್ತಲಿಂದಲೇ ಕೂಗು ಏಳುತ್ತದೆ. ಗೆಲ್ಲುವವ ಗೊತ್ತಿರುವ ಕುಸ್ತಿ ಯಾರಿಗೂ ಬೇಡ.

ಒಬ್ಬ ಚಿತ್ ಆಗುವವರೆಗೂ ನಡೆಯುವುದು ನಿಕಾಲಿ ಕುಸ್ತಿ. ಆದರೆ ಹೊತ್ತು ಮೀರಿದರೂ ಇಬ್ಬರೂ ಮಣಿಯದೆ ನಿಂತರೆ ಪಂಚರು ನಡುವೆ ಹೋಗಿ ಬಿಡಿಸುತ್ತಾರೆ, ಇನಾಮು ಸಮನಾಗಿ ಹಂಚುತ್ತಾರೆ. ಊರವರು ವರ್ಷಗಟ್ಟಲೆ ನೆನೆಯುವ ಕುಸ್ತಿಗಳಲ್ಲಿ ಇಂಥ ಸಮಜೋಡಿ ಕುಸ್ತಿಗಳೂ ಇರುತ್ತವೆ. ಹಾಕಿದ ಪಟ್ಟು, ಅದನ್ನು ಬಿಡಿಸಿಕೊಂಡ ಬಗೆ, ಕೆಳಗೆ ಬಿದ್ದವನು ಮೈ ತಿರುವಿ ಮೇಲೆದ್ದ ರೀತಿ ಇವೇ ನೋಡಿದವರ ಆಸ್ತಿ. ಪಟ್ಟು ಗೊತ್ತಿದ್ದವನಿಗೆ ಕುಸ್ತಿ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕ್ರಿಕೆಟ್ಟಿನಲ್ಲೂ ಸಮಜೋಡಿಯ ನೆನಪುಗಳುಂಟು. 2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆ ದವಡೆ ಮುರಿಯಿತು. ಊರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಿದ್ದ ಅವರು ತಲೆ, ಗದ್ದಕ್ಕೆ ಪಟ್ಟಿ ಸುತ್ತಿಕೊಂಡು ಅಂಗಳಕ್ಕಿಳಿದರು; 14 ಓವರ್ ಎಸೆದು ಬ್ರಯನ್ ಲಾರಾ ವಿಕೆಟ್ ಪಡೆದರು. ಆ ಪಂದ್ಯದ ಫಲಿತಾಂಶವೇನು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದು ಡ್ರಾ ಆಗಿತ್ತು. ಪಟ್ಟಿ ಕಟ್ಟಿಕೊಂಡ ಕುಂಬ್ಳೆ ಮುಖ ಮಾತ್ರ ಯಾರಿಗೂ ಮರೆತಿಲ್ಲ.

ಎದುರಾಳಿಗೂ ಚಪ್ಪಾಳೆ

ಎದುರು ತಂಡದ ಆಟವನ್ನು ಸವಿಯಬಲ್ಲವರಿಗೆ ಸೋತ ದಿನವೂ ಪೂರ್ತಿ ಖಾಲಿಯಾಗಿರುವುದಿಲ್ಲ. ಇದನ್ನು ದೇಶಕ್ಕೆ ತೋರಿಸಿಕೊಟ್ಟವರು ಚೆನ್ನೈ ಜನ. 1999ರ ಜನವರಿ 31. ಚೆಪಾಕ್‌ನಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್. ಬೆನ್ನು ನೋವಿನಲ್ಲೇ ಸಚಿನ್ ತೆಂಡೂಲ್ಕರ್ 136 ರನ್ ಗಳಿಸಿ ಗೆಲುವಿನ ಹತ್ತಿರ ತಂದು ಔಟಾದರು. ಉಳಿದವರು ಬೇಗನೆ ಉರುಳಿ ಭಾರತ 12 ರನ್‌ಗಳಿಂದ ಸೋತಿತು. ಗಳಿಗೆ ಹೊತ್ತು ಇಡೀ ಕ್ರೀಡಾಂಗಣ ಸ್ತಬ್ಧ. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಂ ಬಳಗ ಅಂಗಳಕ್ಕೆ ಸುತ್ತು ಬಂದು ಆ ಗೌರವ ಸ್ವೀಕರಿಸಿತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಂ ಜಾವೆಲಿನ್ ಅನ್ನು 92.97 ಮೀಟರ್ ದೂರ ಎಸೆದು ಚಿನ್ನ ಗೆದ್ದರು. ನೀರಜ್ ಚೋಪ್ರಾ 89.45 ಮೀಟರ್‌ನೊಂದಿಗೆ ಬೆಳ್ಳಿ ಪಡೆದರು. ಹರಿಯಾಣದ ತಮ್ಮ ಮನೆಯಲ್ಲಿ ನೀರಜ್ ತಾಯಿ ಸರೋಜ್ ದೇವಿ, ಚಿನ್ನ ಗೆದ್ದವನೂ ತಮ್ಮ ಮಗನೇ ಎಂದರು. ಎರಡೂ ದೇಶಗಳಲ್ಲಿ ಆ ಮಾತು ಹರಿದಾಡಿತು. ಅದಕ್ಕೂ ಮೂರು ವರ್ಷ ಮೊದಲು, 2021ರ ಆಗಸ್ಟ್ 1ರಂದು ಟೋಕಿಯೊದಲ್ಲಿ ಕತಾರ್‌ನ ಮುತಾಜ್ ಬಾರ್ಷಿಂ ಮತ್ತು ಇಟಲಿಯ ಜಾನ್‌ಮಾರ್ಕೊ ತಂಬೇರಿ ಎತ್ತರ ಜಿಗಿತದಲ್ಲಿ 2.37 ಮೀಟರ್‌ಗೆ ಸಮನಾಗಿ ನಿಂತಾಗ, ಮತ್ತೊಂದು ಸುತ್ತಿನ ಸ್ಪರ್ಧೆ ಬೇಡವೆಂದು ಚಿನ್ನವನ್ನೇ ಹಂಚಿಕೊಂಡಿದ್ದರು. ಜಾತ್ರೆಯ ಪಂಚರಿಗೆ ಈ ತೀರ್ಮಾನ ಹೊಸದೆನಿಸುವುದಿಲ್ಲ.

ರೊಕ್ಕ ಹಚ್ಚಿದವನ ಕಣ್ಣು

ಆಟದ ಸವಿಯನ್ನು ಬುಡಸಮೇತ ಕೀಳುವುದು ಬೆಟ್ಟಿಂಗ್. ಐಪಿಎಲ್ ಬಂತೆಂದರೆ ಸಣ್ಣಪುಟ್ಟ ಪಟ್ಟಣಗಳಲ್ಲೂ ಬೆಟ್ಟಿಂಗ್ ಪ್ರಕರಣಗಳು ಪೊಲೀಸ್ ಠಾಣೆಯ ಮೆಟ್ಟಿಲೇರುತ್ತವೆ. ರೊಕ್ಕ ಹಚ್ಚಿದವನಿಗೆ ಒಳ್ಳೆಯ ಕವರ್ ಡ್ರೈವ್ ಕಾಣುವುದಿಲ್ಲ; ಆ ಚೆಂಡಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬುದಷ್ಟೇ ಕಾಣುತ್ತದೆ. ಸೋಲಿನ ಸಂಕಟ ಮೊದಲೇ ಎರಡು ಪಟ್ಟು. ಅದಕ್ಕೆ ಸಾಲದ ಬಡ್ಡಿ ಸೇರಿದರೆ ಮನೆ ಉಳಿಯುವುದೂ ಕಷ್ಟ. ಕಳೆದದ್ದನ್ನು ಮುಂದಿನ ಪಂದ್ಯದಲ್ಲಿ ಎತ್ತುತ್ತೇನೆ ಎಂಬ ಹಟವೇ ಇದರ ಕೊಂಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಅದರ ಬೆನ್ನಲ್ಲೇ ಮರೆಯಾಯಿತು. ಕಾನೂನು ಆ್ಯಪ್‌ಗಳಿಗೆ ಬೀಗ ಹಾಕಬಲ್ಲದು. ಊರ ಕಟ್ಟೆಯ ಮೇಲೆ ಕೈಯಿಂದ ಕೈಗೆ ದಾಟುವ ನೋಟನ್ನು ಹಿಡಿಯುವ ಕೆಲಸ ಇನ್ನೂ ಠಾಣೆಯವರ ಪಾಲಿಗೇ ಇದೆ.

ಖುಷಿಗೂ ಜಾಗ ಬೇಕು

ಹದಿನೆಂಟು ವರ್ಷ ಕಾದ ಗೆಲುವು ಒಂದು ಹಗಲು ಪೂರ್ತಿ ಬಾಳಲಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ತಂಡ ಬೆಂಗಳೂರಿಗೆ ಮರಳಿದಾಗ ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಹಲವರು ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು.

ಸೋಲನ್ನು ಅಷ್ಟು ವರ್ಷ ನಗುತ್ತ ಹೊತ್ತ ಜನರಿಗೆ ಗೆಲುವನ್ನು ಒಟ್ಟಾಗಿ ಆಚರಿಸಲು ಸುರಕ್ಷಿತ ಜಾಗ, ಸರಿಯಾದ ಮಾಹಿತಿ, ಅಗಲವಾದ ದಾರಿ ಸಿಗಲಿಲ್ಲ. ಅದರ ಪರಿಣಾಮ ಮುಂದೆಯೂ ಕಾಡಿತು. ಆ ವರ್ಷದ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ನವಿ ಮುಂಬೈಗೆ ಹೋದವು. ಅಕ್ಟೋಬರ್ 30ರ ಸೆಮಿಫೈನಲ್‌ನಲ್ಲಿ ಜೆಮಿಮಾ ರಾಡ್ರಿಗಸ್ ಔಟಾಗದೆ 127 ಗಳಿಸಿ ಆಸ್ಟ್ರೇಲಿಯಾ ವಿರುದ್ಧ 339 ರನ್‌ಗಳ ಗುರಿ ಮುಟ್ಟಿಸಿದ್ದೂ, ನವೆಂಬರ್ 2ರಂದು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಭಾರತದ ಹೆಣ್ಣುಮಕ್ಕಳು ಮೊದಲ ಸಲ ಏಕದಿನ ವಿಶ್ವಕಪ್ ಎತ್ತಿದ್ದೂ ಅಲ್ಲೇ. ಬೆಂಗಳೂರಿನ ಜನ ಎಲ್ಲವನ್ನೂ ಟಿ.ವಿ.ಯಲ್ಲಿ ನೋಡಿದರು.

ದೊಡ್ಡ ಗುಂಪು ಎಂದರೇನು ಎಂಬುದನ್ನು ಕೊಪ್ಪಳಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಪುಷ್ಯ ಬಹುಳ ಬಿದಿಗೆಯ ಸಂಜೆ ಗವಿಸಿದ್ಧೇಶ್ವರ ತೇರು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಮಠದ ಮುಂದಿನ ವಿಶಾಲ ಬಯಲು, ದಿನಗಟ್ಟಲೆ ನಡೆಯುವ ದಾಸೋಹ, ದುಡಿಯುವ ಸ್ವಯಂಸೇವಕರು ಇವೆಲ್ಲ ಆ ಜನಸಾಗರವನ್ನು ಒಂದೇ ಗೇಟಿಗೆ ನುಗ್ಗಿಸದೆ ಹರಡುತ್ತವೆ. ತೇರು ಒಂದೇ ಗಳಿಗೆಯದಾದರೂ ಜಾತ್ರೆ ಹಲವು ದಿನಗಳದ್ದು. ಇಂದು ಆಗದವರು ನಾಳೆ ಬರುತ್ತಾರೆ.

ನೋಡುಗರ ಖುಷಿಯ ಖರ್ಚನ್ನು ಹೊರುವ ಇನ್ನೊಂದು ಜೀವವಿದೆ, ಅದಕ್ಕೆ ಬಾಯಿಲ್ಲ. ಎತ್ತಿನ ಓಟ, ಬಂಡಿ ಓಟಗಳಲ್ಲಿ ಹಿಂಸೆಯಾಗುತ್ತದೆ ಎಂಬ ದೂರು ಹಳೆಯದು. ಕಂಬಳ, ಎತ್ತಿನ ಓಟ, ಬಂಡಿ ಓಟಗಳಿಗೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಹಿಂಸೆ ತಡೆಯುವ ಷರತ್ತುಗಳೂ ಅದರ ಜೊತೆಗೇ ಇವೆ. ಬಾರುಕೋಲಿನ ಏಟು ಕಂಡಾಗ ಕಟ್ಟೆಯ ಮೇಲಿನವರೇ ‘ಹೊಡೀಬ್ಯಾಡ್ರಲೇ’ ಎಂದು ಕೂಗಿದರೆ ಆ ಷರತ್ತಿಗೆ ಪೊಲೀಸರಿಗಿಂತ ಮೊದಲೇ ಕಾವಲು ಸಿಕ್ಕಂತೆ.

ಹುಬ್ಬಳ್ಳಿ ರೈಲು ಹತ್ತಿದರೆ

ಟಿ.ವಿ. ಚೆಂಡಿನ ಬೆನ್ನು ಬೀಳುತ್ತದೆ. ಅಂಗಳದಲ್ಲಿ ಕುಳಿತವರಿಗೆ ಚೆಂಡಿಲ್ಲದ ಆಟವೂ ಕಾಣುತ್ತದೆ: ಬೌಲರ್ ಕೈಸನ್ನೆ ಮಾಡಿ ಫೀಲ್ಡರ್‌ನನ್ನು ಎರಡು ಹೆಜ್ಜೆ ಸರಿಸುವುದು, ಕೀಪರ್ ಸ್ಟಂಪಿನ ಹತ್ತಿರ ಬಂದು ನಿಲ್ಲುವುದು, ರನ್ ಬಾರದೆ ಚಡಪಡಿಸುವ ಬ್ಯಾಟರ್ ಗ್ಲೌಸ್ ಬಿಚ್ಚಿ ಕಟ್ಟುವುದು. ಕಬಡ್ಡಿಯಲ್ಲೂ ಅಷ್ಟೆ. ರೇಡರ್ ಬಿಟ್ಟು ಎದುರಿನ ಸರಪಳಿಯ ಮೇಲೆ ಕಣ್ಣಿಟ್ಟರೆ, ಕೈ ಕೈ ಹಿಡಿದ ಇಬ್ಬರು ಯಾವ ಕ್ಷಣದಲ್ಲಿ ಮುನ್ನುಗ್ಗಬೇಕೆಂದು ಕಣ್ಣಲ್ಲೇ ಮಾತಾಡಿಕೊಳ್ಳುವುದು ಕಾಣುತ್ತದೆ. ಹಳ್ಳಿಗಳ ಹೊನಲು ಬೆಳಕಿನ ಪಂದ್ಯಗಳಲ್ಲಿ ಮೂವತ್ತು ಸೆಕೆಂಡಿನ ಒಂದೊಂದು ರೇಡ್ ಕೂಡ ಬೇರೆಯದೇ ಪಂದ್ಯ.

ದೊಡ್ಡ ಮಟ್ಟದ ಕ್ರಿಕೆಟ್ಟನ್ನು ಹೀಗೆ ಹತ್ತಿರದಿಂದ ನೋಡಲು ಕೊಪ್ಪಳ ಜಿಲ್ಲೆಯವರಿಗೆ ಅನುಕೂಲವಾದ ಜಾಗ ಹುಬ್ಬಳ್ಳಿ. ಅಲ್ಲಿನ ರಾಜನಗರದ ಕೆಎಸ್‌ಸಿಎ ಮೈದಾನದಲ್ಲಿ ಆಗಾಗ ರಣಜಿ ಪಂದ್ಯಗಳು ನಡೆಯುತ್ತವೆ. ಕೊಪ್ಪಳ ಮೊದಲಿನಿಂದಲೂ ಗುಂತಕಲ್–ಹುಬ್ಬಳ್ಳಿ ಮಾರ್ಗದಲ್ಲಿದೆ. 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಮಾರ್ಗ ಶುರುವಾಗಿ ಕುಷ್ಟಗಿಯಿಂದಲೂ ಹುಬ್ಬಳ್ಳಿಗೆ ನೇರ ರೈಲು ಬಂತು. ರಣಜಿ ಲೀಗ್ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ.

ರಣಜಿಯ ಅಂಕದ ಲೆಕ್ಕವೇ ಸೋಲು-ಗೆಲುವಿನ ನಡುವೆ ಬೇರೆ ಮೆಟ್ಟಿಲುಗಳನ್ನು ಇಟ್ಟಿದೆ. ನಾಲ್ಕು ದಿನದ ಲೀಗ್ ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡಕ್ಕೆ 3 ಅಂಕ, ಇನ್ನೊಂದಕ್ಕೆ 1. ಪೂರ್ಣ ಗೆಲುವಿಗೆ 6. ಹಾಗಾಗಿ ಕೊನೆಯ ಜೋಡಿ ಮುನ್ನಡೆಗಾಗಿ ಒಂದೊಂದೇ ರನ್ ಕದಿಯುವ ಹೊತ್ತು ಇಡೀ ಪಂದ್ಯದಷ್ಟೇ ಬಿಸಿಯಾಗಿರುತ್ತದೆ. ಒಂದೇ ದಿನ ಬಿಡುವಿರುವವರು ಎರಡನೆಯ ಅಥವಾ ಮೂರನೆಯ ದಿನ ಹೋಗುವುದು ಲೇಸು. ಮುನ್ನಡೆಯ ಜಗ್ಗಾಟ ನಡೆಯುವುದು ಹೆಚ್ಚಾಗಿ ಆಗಲೇ. ಪಿಚ್ ಬಿರುಕು ಬಿಟ್ಟು ಸ್ಪಿನ್ನರ್‌ಗಳ ಕೈಗೆ ಚೆಂಡು ಬರುವುದೂ ಆಗಲೇ. ಸೈಟ್ ಸ್ಕ್ರೀನ್ ಪಕ್ಕದಲ್ಲಿ, ಬೌಲರ್ ಬೆನ್ನ ಹಿಂದೆ ಕುಳಿತರೆ ಚೆಂಡು ಯಾವ ಕಡೆಗೆ ಎಷ್ಟು ತಿರುಗಿತು ಎಂಬುದು ಟಿ.ವಿ. ರಿಪ್ಲೇ ಇಲ್ಲದೆಯೂ ಗೊತ್ತಾಗುತ್ತದೆ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಊಟದ ವಿರಾಮಕ್ಕೆ ಜಾಗ ಬಿಟ್ಟು ಏಳಬೇಕಾಗಿಯೂ ಇಲ್ಲ.